ನೂರಿಪ್ಪತ್ತೆಂಟು ಅಥವಾ ಮೇಲ್ಪಟ್ಟು

ಹದಿನಾಲ್ಕು ವರ್ಷ ಅಲಮಾರಿನ ಮೇಲೆ ಹಳೆಯ ಪಂಚಾಂಗಗಳ ಅಡಿಯಲ್ಲಿ ಮಲಗಿದ್ದ ಕ್ಯಾಮೆರಾ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ಫ್ಯಾಶನ್ ಆಯಿತು. ಹೀಗಾಗುತ್ತದೆಂದು ಅದಕ್ಕೂ ಗೊತ್ತಿರಲಿಲ್ಲ, ಅದರ ಒಡೆಯರಾದ ಗುರುಸಿದ್ದಪ್ಪನವರಿಗೂ ಗೊತ್ತಿರಲಿಲ್ಲ.

ಕಂಡುಹಿಡಿದವಳು ತಂಗಿಯ ಮಗಳು ಮಾನಸಾ. ಹೈದರಾಬಾದಿನ ಮಾದಾಪುರದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಅವಳು, ಅವ್ವ ಗುರುಬಾಯಿ ಮತ್ತು ಅಪ್ಪ ವೈಜನಾಥರ ಜೊತೆ ಕಂಚನ್‌ಬಾಗಿನಿಂದ ಕುಷಾಯಿಗೂಡದ ಮಾವನ ಮನೆಗೆ ತನ್ನ ನಿಶ್ಚಿತಾರ್ಥದ ದಿನ ಹೇಳಲು ಬಂದಿದ್ದಳು. ತಿಥಿ ಸರಿಯಿದೆಯೋ ನೋಡೋಣ ಎಂದು ಮಾವನ ಹೆಂಡತಿ ಜಯಮ್ಮ ಅಲಮಾರಿನ ಮೇಲೆ ಕೈಯಾಡಿಸಿದರು. ಪಂಚಾಂಗದ ಹಿಂದೆಯೇ ಕ್ಯಾಮೆರಾ ಜಾರಿ ಮಾನಸಾಳ ಮಡಿಲಿಗೆ ಬಿತ್ತು.

"ಮಾಮಾ! ಇದು ಡಿಜಿಕ್ಯಾಮ್ ಅಲ್ರಿ?"

"ಕ್ಯಾಮೆರಾ," ಎಂದರು ಗುರುಸಿದ್ದಪ್ಪ. "ಸರ್ವಿಸಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಕಂಪನಿಯವರು ಕೊಟ್ಟಿದ್ದು. ಜಪಾನ್ ಮಾಲು."

"ಅಯ್ಯ, ನಮ್ಮ ಆಫೀಸಿನಾಗ ಎಲ್ಲಾರೂ ಇಂಥಾದ್ದನ್ನ ಹುಡುಕಿ ಹುಡುಕಿ ಸುಸ್ತಾಗ್ಯಾರ್ರಿ! ಮೊಬೈಲ್ ಫೋಟೋದಾಗ ಎಲ್ಲಾರ ಮುಖಾನೂ ಇಸ್ತ್ರಿ ಮಾಡಿದಂಗ ಬರ್ತೈತಿ. ಇದರಾಗ ಮುಖ ಮುಖದಂಗ ಬರ್ತೈತಿ. ಅವ್ವಾ, ಕೇಳಿಲ್ಲಿ. ನನ್ನ ಎಂಗೇಜ್‌ಮೆಂಟಿಗೆ ಬ್ಯಾರೆ ಫೋಟೋಗ್ರಾಫರ್ ಬ್ಯಾಡ. ಎಲ್ಲಾರೂ ಮೊಬೈಲ್ ಚೀಲದಾಗ ಇಡಬೇಕು. ಫೋಟೋ ಮಾಮಾನ ತಗೀಬೇಕು, ಇದರಾಗ ತಗೀಬೇಕು."

ಗುರುಬಾಯಿ ಬಾಯಲ್ಲಿಟ್ಟ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಿದಳು.

"ಯಾರ ತಗೀಬೇಕು?"

"ಮಾಮಾ."

"ಈ ಅಣ್ಣಾ?"

ವೈಜನಾಥರು ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋದರು. ಮುಂದೆ ಬರುವುದೇನೆಂದು ಅವರಿಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಕೇಳಿದ್ದರು.

ತೊಂಬತ್ತೈದರಲ್ಲಿ ಸೇಡಂನಲ್ಲಿ ನಡೆದ ಗುರುಬಾಯಿಯ ಮದುವೆಗೆ ಗುರುಸಿದ್ದಪ್ಪನವರು ಸ್ನೇಹಿತನೊಬ್ಬನ ಕ್ಯಾಮೆರಾ ತಂದು, ಗೊತ್ತುಮಾಡಿದ್ದ ಸ್ಟುಡಿಯೋದವನನ್ನು ವಾಪಸು ಕಳಿಸಿ, ತಾವೇ ಮೂವತ್ತಾರು ಫೋಟೋ ತೆಗೆದಿದ್ದರು. ಕುರ್ಚಿ ಹತ್ತಿ ತೆಗೆದಿದ್ದರು, ನೆಲದ ಮೇಲೆ ಕೂತು ತೆಗೆದಿದ್ದರು, ಒಮ್ಮೆ ಹಂದರದ ಗೂಟಕ್ಕೆ ಜೋತುಬಿದ್ದೂ ತೆಗೆದಿದ್ದರು. ರೋಲಿನ ತುದಿ ಕ್ಯಾಮೆರಾದ ಹಲ್ಲಿಗೆ ಸಿಕ್ಕೇ ಇರಲಿಲ್ಲ, ಒಂದೂ ಫೋಟೋ ಮೂಡಿರಲಿಲ್ಲ. ತೊಳೆಯಲು ಕೊಟ್ಟ ಸ್ಟುಡಿಯೋದವನು, ವಾಪಸು ಹೋಗಿದ್ದ ಅದೇ ಸ್ಟುಡಿಯೋದವನು, ಬಹಳ ಮರ್ಯಾದೆಯಿಂದ ರೋಲನ್ನು ಹಿಂದಿರುಗಿಸಿ, "ಇದು ಹೊಸಾದೇ ಐತ್ರಿ, ಇನ್ನೊಂದ್ ಮದುವಿಗೆ ಬರ್ತೈತಿ," ಎಂದಿದ್ದ.

"ಮೂವತ್ತಾರು ಸಲ ಕ್ಲಿಕ್ ಅನ್ನಿಸಿದಾ," ಎಂದಳು ಗುರುಬಾಯಿ. "ತಾಳಿ ಕಟ್ಟೂ ಮುಂದ 'ಒಂಚೂರು ನಗು ತಂಗಿ' ಅಂದಾ. ನಕ್ಕೆ. ಎಲ್ಲಿ ಐತಿ ಆ ನಗು? ತೋರ್ಸು."

"ಅದು ರೋಲಿನ ಕಾಲ ಗುರುಬಾಯಿ. ಈಗ ಡಿಜಿಟಲ್."

"ನೀ ಅದ ಅಣ್ಣಾನ ಅಲ್ಲೇನ?"

ಆದರೆ ಮಾನಸಾ ಹಟ ಹಿಡಿದಳು. ಮಾನಸಾ ಹಟ ಹಿಡಿದರೆ ಕಂಚನ್‌ಬಾಗಿನಲ್ಲಿ ಯಾರದೂ ನಡೆಯುವುದಿಲ್ಲ. ಕೊನೆಗೆ ಗುರುಬಾಯಿ ಕೈತೊಳೆದು, ಸೆರಗಿಗೆ ಒರೆಸಿಕೊಂಡು, ತೀರ್ಪು ಕೊಟ್ಟಳು.

"ಆತು. ತಗಿ. ಆದ್ರ ಈ ಸಲ ಒಂದ್ ಫೋಟೋ ಬರಲಿಲ್ಲ ಅಂದ್ರ, ಮದಿವಿ ದಿನ ಮಾನಸಾನ ಕೈ ಹಿಡದು ಮಂಟಪಕ್ಕ ಕರಕೊಂಡು ಬರೂ ಸೋದರಮಾವ ನೀ ಅಲ್ಲ. ಸೇಡಂನಿಂದ ನಮ್ಮ ದೊಡ್ಡಪ್ಪನ ಮಗನ್ನ ಕರಸ್ತೀನಿ. ನೀ ಕುರ್ಚಿ ಮ್ಯಾಲ ಕುಂತು ಊಟಾ ಮಾಡಿ ಹೋಗು."

ಗುರುಸಿದ್ದಪ್ಪನವರು ನಕ್ಕರು. ಆದರೆ ಮಾನಸಾ ಹುಟ್ಟಿದ ಹನ್ನೊಂದನೇ ದಿನದಿಂದ ಅವರು ಕಾಯ್ದುಕೊಂಡಿದ್ದ ಒಂದೇ ಒಂದು ಪದವಿ ಅದಾಗಿತ್ತು.

*

ತಂಗಿಯ ಮನೆಯವರು ಹೋದ ಮೇಲೆ ಗುರುಸಿದ್ದಪ್ಪನವರು ಹೊಸ ಬ್ಯಾಟರಿ ಸೆಲ್ಲು ಹಾಕಿ ಕ್ಯಾಮೆರಾದ ಗುಂಡಿ ಒತ್ತಿದರು. ಲೆನ್ಸು ಆಮೆಯ ತಲೆಯಂತೆ ಹೊರಗೆ ಬಂತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಕಾರ್ಡಿನಲ್ಲಿ ದೋಷ. ಬಾಗಿಲು ತೆಗೆದು ನೋಡಿದರೆ ಒಳಗಿನ ಮೆಮೊರಿ ಕಾರ್ಡಿನ ಮೂಲೆ ಮುರಿದಿತ್ತು. ಮೇಲೆ ಸಣ್ಣದಾಗಿ '128 ಎಂಬಿ' ಎಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಗುರುಸಿದ್ದಪ್ಪನವರು ಹತ್ತಿರದ ದೊಡ್ಡ ಸರಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತೆಂಟು ವರ್ಷ ಕೂತವರು. ಸ್ಕ್ರೂ ಇರಲಿ, ಸೋಫಾ ಇರಲಿ, ಅವರು ಬರೆದ ಪ್ರತಿಯೊಂದು ಬೇಡಿಕೆ ಪತ್ರವೂ ಎರಡು ಪದಗಳಿಂದ ಮುಗಿಯುತ್ತಿತ್ತು: 'ಅಥವಾ ಮೇಲ್ಪಟ್ಟು'. ಹತ್ತು ಎಂಎಂ ಅಥವಾ ಮೇಲ್ಪಟ್ಟು. ಐದು ಆಂಪಿಯರ್ ಅಥವಾ ಮೇಲ್ಪಟ್ಟು. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ ಮೋಸ, ಸರಿಯಾಗಿ ಕೊಟ್ಟರೆ ಧರ್ಮ, ಹೆಚ್ಚು ಕೊಟ್ಟರೆ ಸ್ಟೋರ್ಸಿನ ಕೀರ್ತಿ. ಈ ಎರಡು ಪದಗಳ ಬಲದಿಂದ ಅವರು ಏಳು ಆಡಿಟ್ ದಾಟಿದ್ದರು. ಅವನ್ನು ಅನುಮಾನಿಸಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಹಾಗಾಗಿ ಡೈರಿಯ ಹಾಳೆ ಹರಿದು ಬರೆದರು: ಮೆಮೊರಿ ಕಾರ್ಡು, ಒಂದು. ನೂರಿಪ್ಪತ್ತೆಂಟು ಎಂಬಿ ಅಥವಾ ಮೇಲ್ಪಟ್ಟು.

ಮರುದಿನ ಕೋಠಿಯ ಬಜಾರಿಗೆ ಹೋದರು. ಗಲ್ಲಿಯೊಳಗಿನ ಪುಟ್ಟ ಅಂಗಡಿಯಲ್ಲಿ ಗಡ್ಡದ ಯುವಕನೊಬ್ಬ ಚೀಟಿ ಓದಿ ಕಣ್ಣು ಮೇಲೆತ್ತಿದ.

"ಎಂಬಿ? ಚಾಚಾ, ಎಂಬಿ ತೊ ಕಬ್ ಕಾ ಇಂತಕಾಲ್ ಹೋಗಯಾ. ಕೌನ್ಸಾ ಕ್ಯಾಮೆರಾ ಹೈ ಬೋಲೋ."

ಎಂಬಿ ಎಂಬುದು ತೀರಿಕೊಂಡು ಎಷ್ಟೋ ಕಾಲವಾಯಿತು, ಯಾವ ಕ್ಯಾಮೆರಾ ಎಂದು ಹೇಳಿ, ಎಂದು ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಗುರುಸಿದ್ದಪ್ಪನವರು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ಟೋರ್ಸಿನವರು ಮಾಲು ಯಾವುದಕ್ಕೆ ಎಂದು ವ್ಯಾಪಾರಿಗೆ ಹೇಳುವುದಿಲ್ಲ. ಹೇಳಿದರೆ ಅವನು ನಮ್ಮ ಅಗತ್ಯ ತಿಳಿದುಕೊಂಡು ತನಗೆ ಬೇಕಾದ್ದನ್ನು ತಲೆಗೆ ಕಟ್ಟುತ್ತಾನೆ. ಇದು ಮೂವತ್ತೆಂಟು ವರ್ಷದ ಶಿಸ್ತು.

"ವೋ ನಕ್ಕೋ ಪೂಛೋ," ಅದನ್ನು ಕೇಳಬೇಡ, ಎಂದರು ಗಂಭೀರವಾಗಿ. "ಜೋ ಲಿಖಾ ಹೈ, ವೋ ದೇವ್. ಯಾ ಉಸ್ಕೇ ಊಪರ್." ಬರೆದದ್ದನ್ನು ಕೊಡು, ಅಥವಾ ಮೇಲ್ಪಟ್ಟು, ಎಂದರ್ಥ.

ಯುವಕ ಅವರನ್ನು ಮೇಲಿಂದ ಕೆಳಗೆ ನೋಡಿದ. ಯಾವುದೋ ಇಲಾಖೆಯ ಗುಟ್ಟಿನ ಕೆಲಸ ಇರಬೇಕು ಎಂದುಕೊಂಡು ಅರವತ್ತನಾಲ್ಕು ಜಿಬಿಯ ಕಾರ್ಡು ಕೊಟ್ಟ.

ಮನೆಗೆ ಬಂದ ಮಾಲು ತಪಾಸಣೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಪಕ್ಕದ ಮನೆಯ ಹಂಪಯ್ಯನವರು ಅದೇ ಕಾರ್ಖಾನೆಯ ತಪಾಸಣಾ ವಿಭಾಗದಿಂದ ನಿವೃತ್ತರಾದವರು. ವರ್ನಿಯರ್ ಕ್ಯಾಲಿಪರ್ಸ್ ಅನ್ನು ಇನ್ನೂ ಲುಂಗಿಯ ಮಡಿಕೆಯಲ್ಲಿಟ್ಟುಕೊಂಡು ತಿರುಗುವವರು. ಮಾರುಕಟ್ಟೆಯಲ್ಲಿ ಬೆಂಡೆಕಾಯಿಯನ್ನೂ ಅಳೆದೇ ಕೊಳ್ಳುತ್ತಾರೆಂದು ಕಾಲೊನಿಯಲ್ಲಿ ಪ್ರತೀತಿ. ಅವರು ಮುರಿದ ಕಾರ್ಡನ್ನೂ ಹೊಸ ಕಾರ್ಡನ್ನೂ ಮೇಜಿನ ಮೇಲಿಟ್ಟು ಉದ್ದ, ಅಗಲ, ದಪ್ಪ ಅಳೆದರು.

"ಮೂವತ್ತೆರಡು. ಇಪ್ಪತ್ತನಾಕು. ಎರಡು ಪಾಯಿಂಟ್ ಒಂದು. ಕೂದಲೆಳಿ ಫರಕಿಲ್ಲ. ಪಾಸ್!"

ಕಾರ್ಡು ಮೆತ್ತಗೆ ಕಿಂಡಿಯೊಳಗೆ ಕೂತಿತು. ಗುಂಡಿ ಒತ್ತಿದರು. ಕೆಂಪಕ್ಷರ: ಕಾರ್ಡಿನಲ್ಲಿ ದೋಷ.

ಜಯಮ್ಮ ಎರಡು ಸಲ ಚಹಾ ತಂದಿಟ್ಟರು.

"ನೋಡ್ರಿ ಗುರುಸಿದ್ದಪ್ಪಾರ," ಎಂದರು ಹಂಪಯ್ಯ ಕೊನೆಗೆ. "ಅಳತಿ ಪಾಸಾಗೈತಿ. ಅಂದ್ರ ದೋಷ ಇರೋದು ಕೆಪ್ಯಾಸಿಟಿಯೊಳಗ. ಕೆಪ್ಯಾಸಿಟಿ ಹೆಚ್ಚಾದ್ರ ದೋಷ ಅಂತ ನಾ ನನ್ನ ಸರ್ವಿಸಿನಾಗ ಒಂದ್ ಸಲಾನೂ ಬರದಿಲ್ಲ. ಆ ಫಾರ್ಮಿನಾಗ ಅಂಥಾ ಕಾಲಂ ಇಲ್ಲ."

"ಇಲ್ಲ," ಎಂದು ಒಪ್ಪಿದರು ಗುರುಸಿದ್ದಪ್ಪ.

"ಅಂದಮ್ಯಾಲ?"

"ಕಡಿಮಿ ಬಿದ್ದೈತಿ."

"ಜಪಾನ್ ಮಾಲು ನೋಡ್ರಿ. ಹಸಿವಿ ಭಾಳ."

*

ಎರಡನೇ ಸಲ ನೂರಿಪ್ಪತ್ತೆಂಟು ಜಿಬಿ ತಂದರು. ಅಳತೆ ಪಾಸು, ಕ್ಯಾಮೆರಾ ನಪಾಸು.

ಮೂರನೇ ಸಲ ಅಂಗಡಿಯ ಯುವಕ ಅವರನ್ನು ದೂರದಿಂದಲೇ ಗುರುತಿಸಿ ಸ್ಟೂಲು ಎಳೆದು ಹಾಕಿದ. "ಚಾಚಾ, ಏಕ್ ದಫಾ ಕ್ಯಾಮೆರಾ ಲಾಕೇ ದಿಖಾವ್ ನಾ. ಮೈ ಕಿಸೀ ಕೋ ನೈ ಬೋಲ್ತಾ," ಒಂದು ಸಲ ತಂದು ತೋರಿಸಿ, ನಾನು ಯಾರಿಗೂ ಹೇಳುವುದಿಲ್ಲ, ಎಂದು ಅಂಗಲಾಚಿದ. ಗುರುಸಿದ್ದಪ್ಪನವರು ಕನಿಕರದಿಂದ ನಕ್ಕು ಇನ್ನೂರೈವತ್ತಾರು ಜಿಬಿ ಕೇಳಿದರು.

"ಪೂರಾ ಹೈದರಾಬಾದ್ ಆಜಾತಾ ಇಸ್ಮೇ," ಎಂದ ಅವನು, ಇಡೀ ಊರೇ ಹಿಡಿಸುತ್ತದೆ ಎಂಬ ಧಾಟಿಯಲ್ಲಿ.

"ಆನಾ ಬೀ ಹೋನಾ," ಹಿಡಿಸಲೂ ಬೇಕು, ಎಂದರು ಇವರು.

ಇಷ್ಟರಲ್ಲಿ ಹಂಪಯ್ಯನವರು ಬೆಳಗಿನ ವಾಕಿಂಗಿನಲ್ಲಿ, ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ, ಹನ್ನೊಂದು ಜನಕ್ಕೆ ವಿಷಯ ಹೇಳಿದ್ದರು. ಗುರುಸಿದ್ದಪ್ಪಾರ ಮನ್ಯಾಗ ಒಂದ್ ಜಪಾನ್ ಕ್ಯಾಮೆರಾ ಐತಿ, ನೂರಿಪ್ಪತ್ತೆಂಟೂ ಸಾಲವಲ್ದು ಅದಕ್ಕ, ಎಂದು. ಮೂರನೇ ದಿನ ಕಾಲೊನಿ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು. ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿಕೊಂಡಿದ್ದರು.

"ಸಾರ್, ಸಿನಿಮಾ ತೀಸ್ತುನ್ನಾರಂಟ ಕದಾ?" ಸಿನಿಮಾ ತೆಗೆಯುತ್ತಿದ್ದೀರಂತಲ್ಲ, ಎಂದು ತೆಲುಗಿನಲ್ಲಿ ವಿಚಾರಿಸಿದರು.

"ಸಿನಿಮಾ ಅಲ್ಲ. ನಮ್ಮ ಮಾನಸಾನ ನಿಶ್ಚಿತಾರ್ಥ."

ಕಾರ್ಯದರ್ಶಿ ಜಾಣ ನಗು ನಕ್ಕರು. ಸಿನಿಮಾ ತೆಗೆಯುವವರು ಹೀಗೆಯೇ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ತಾನು ಕಾಲೇಜಿನಲ್ಲಿ ನಾಟಕ ಆಡಿದ್ದಾಗಿ ಮೆಲ್ಲಗೆ ತಿಳಿಸಿ, ಅತ್ತಿತ್ತ ತಿರುಗಿ ಎರಡೂ ಕಡೆಯ ಮುಖ ತೋರಿಸಿ ಹೋದರು.

ಸುದ್ದಿ ಅಲ್ಲಿಗೇ ನಿಂತಿದ್ದರೆ ಸರಿ. ಶುಕ್ರವಾರ ಹುಮನಾಬಾದಿನಿಂದ ಫೋನು ಬಂತು. ಮಾತಾಡಿದವರು ಹುಡುಗ ನಿಶಾಂತನ ದೊಡ್ಡಪ್ಪ ಕಲ್ಯಾಣಪ್ಪನವರು. ಮೀಸೆಯೊಳಗಿಂದ ಬರುವ ಧ್ವನಿ.

"ನಮಸ್ಕಾರ್ರಿ ಬೀಗರ! ಜಪಾನಿಂದ ಕ್ಯಾಮೆರಾ ತರಿಸೀರಂತ?"

"ತರಿಸೋದಲ್ರಿ, ಅದು ಇತ್ತು..."

"ಇತ್ತು! ಕೇಳ್ರೋ, ಇತ್ತಂತ! ದೊಡ್ಡ ಮಂದಿ ಹಿಂಗ ಮಾತಾಡ್ತಾರ." ಯಾರಿಗೋ ಹೇಳಿ ಮತ್ತೆ ಫೋನಿಗೆ ಬಂದರು. "ನಾವು ನಮ್ಮ ಕಡೆ ಫೋಟೋದವಗ ಬರಬ್ಯಾಡಪಾ ಅಂತ ಹೇಳಿಬಿಟ್ವಿರಿ. ನಿಮ್ಮ ಕ್ಯಾಮೆರಾದ ಮುಂದ ಅವನ ಡಬ್ಬಿ ಯಾಕ? ನಾವು ನಲವತ್ತು ಮಂದಿ ಬರ್ತೀವಿ. ನಮ್ಮ ಅವ್ವಾಗ ತೊಂಬತ್ತೊಂದ್ರಿ. ಇಲ್ಲಿಗಂಟ ಆಧಾರ್ ಕಾರ್ಡಿನಾಗ ಬಿಟ್ರ ಎಲ್ಲಿಯೂ ಆಕಿ ಫೋಟೋ ಇಲ್ಲ. ಆಧಾರ್ ಕಾರ್ಡಿನಾಗೂ ಆಕಿ ಅಲ್ಲಂತ ಆಕಿ ಹೇಳ್ತಾಳ."

ಗುರುಸಿದ್ದಪ್ಪನವರು ಫೋನಿಟ್ಟು ನೀರು ಕುಡಿದರು. ಬಳಿಕ ಇನ್ನೂರೈವತ್ತಾರು ಜಿಬಿಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಕಿಂಡಿಗೆ ಹಾಕಿದರು.

ಕೆಂಪಕ್ಷರ ಮೊದಲಿಗಿಂತ ಹೆಚ್ಚು ಕೆಂಪಾಗಿತ್ತೆಂದು ಅವರಿಗೆ ಅನ್ನಿಸಿತು.

"ಐನೂರಾ ಹನ್ನೆರಡು ತರ್ರಿ," ಎಂದರು ಹಂಪಯ್ಯ. ಶನಿವಾರ ಕೋಠಿಯ ಅಂಗಡಿಯಲ್ಲಿ ಅದು ಇರಲಿಲ್ಲ. ನಿಶ್ಚಿತಾರ್ಥ ಭಾನುವಾರ.

*

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫಂಕ್ಷನ್ ಹಾಲಿನ ಬಾಗಿಲಲ್ಲಿ ಮಾನಸಾಳ ಗೆಳತಿಯರು ಬಿದಿರಿನ ಬುಟ್ಟಿ ಹಿಡಿದು ನಿಂತು, ಬಂದವರಿಂದೆಲ್ಲ ಮೊಬೈಲು ಈಸಿಕೊಂಡು ಒಳಗೆ ಬಿಡುತ್ತಿದ್ದರು. ಅಷ್ಟೊಂದು ಜನ ಕೈಯಲ್ಲಿ ಏನೂ ಇಲ್ಲದೆ ಕೂತದ್ದನ್ನು ನೋಡಿದರೆ ಯಾರದೋ ತಪಾಸಣೆಗೆ ಕಾದಂತಿತ್ತು. ಎಲ್ಲರ ಕಣ್ಣೂ ಗುರುಸಿದ್ದಪ್ಪನವರ ಕುತ್ತಿಗೆಯ ಮೇಲೆ. ಅಲ್ಲಿ ಕ್ಯಾಮೆರಾ ಜೋತಾಡುತ್ತಿತ್ತು.

"ಸಣ್ಣದೈತಲ್ಲ?" ಎಂದರು ಹುಮನಾಬಾದಿನ ಒಬ್ಬರು.

"ಜಪಾನ್ ಮಂದಿನೂ ಸಣ್ಣವರ ಅಲ್ಲೇನ್ರಿ," ಎಂದು ಕಲ್ಯಾಣಪ್ಪನವರು ಸಮರ್ಥಿಸಿಕೊಂಡರು.

ಗುರುಸಿದ್ದಪ್ಪನವರು ತಂಗಿಯ ಸೆರಗು ಎಳೆದು ಅಡುಗೆ ಸಾಮಾನಿನ ಕೋಣೆಗೆ ಕರೆದೊಯ್ದರು. ಬಾಳೆಎಲೆಯ ಕಟ್ಟುಗಳ ನಡುವೆ ನಿಂತು, ಬದುಕಿನಲ್ಲಿ ಮೊದಲ ಬಾರಿಗೆ, ಪೀಠಿಕೆಯಿಲ್ಲದೆ ಮಾತಾಡಿದರು.

"ಗುರುಬಾಯಿ, ಕ್ಯಾಮೆರಾ ನಡ್ಯಾಂಗಿಲ್ಲ."

ಗುರುಬಾಯಿ ಕೂಗುತ್ತಾಳೆಂದು ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೂಗು ಬರಲಿಲ್ಲ. ಕಣ್ಣು ತೆರೆದರೆ ಅವಳು ಬಾಳೆಎಲೆಯ ಕಟ್ಟಿನ ಮೇಲೆ ಕೂತಿದ್ದಳು.

"ಎಂದಿನಿಂದ?"

"ಮೊದಲಿನಿಂದ."

"ಮೂರು ಕಾರ್ಡು ತಂದಿ ಅಂತಲ್ಲ?"

"ಒಂದಕ್ಕಿಂತ ಒಂದು ದೊಡ್ಡದು ತಂದೆ. ಎಲ್ಲಾದಕ್ಕೂ ಕೆಂಪಕ್ಷರ ಬರ್ತೈತಿ."

ಹೊರಗೆ ಯಾರೋ ಕಲ್ಯಾಣಪ್ಪನವರ ಅವ್ವನನ್ನು ಕುರ್ಚಿ ಸಮೇತ ಎತ್ತಿಕೊಂಡು ಬರುತ್ತಿದ್ದರು. "ಸವಕಾಶ, ಸವಕಾಶ! ಫೋಟೋಕ್ಕ ಬಂದಾಳ ಅಕಿ!" ಎಂಬ ಕೂಗು ಕೇಳಿಸಿತು. ಗುರುಬಾಯಿ ಎದ್ದಳು. ಅಣ್ಣನ ಕುತ್ತಿಗೆಯಲ್ಲಿದ್ದ ಕ್ಯಾಮೆರಾದ ಬಾಗಿಲು ತೆಗೆದು, ಕಾರ್ಡನ್ನು ಕಿತ್ತು, ರವಿಕೆಯೊಳಗಿನ ಪರ್ಸಿಗೆ ಹಾಕಿಕೊಂಡಳು.

"ಇದೊಂದ್ ಕೆಂಪಗ ಬೈಯೂದು ನಿಲ್ಲಲಿ. ಈಗ ಬೆಳಕು ಹೊಡಿತೈತೋ ಇಲ್ಲೋ?"

"ಕಾರ್ಡಿಲ್ಲದ ಚಾಲೂ ಮಾಡಬಾರದು ಗುರುಬಾಯಿ. ಒಂದು ಪಾರ್ಟು ಕಡಿಮಿ ಇದ್ದಾಗ ಮಷೀನಿಗೆ ಕೈ ಹಚ್ಚಬಾರದು. ನಾ ಯಾವತ್ತೂ..."

"ಅಣ್ಣಾ. ಬೆಳಕು ಹೊಡಿತೈತೋ ಇಲ್ಲೋ?"

ಗುಂಡಿ ಒತ್ತಿದರು. ಲೆನ್ಸು ಹೊರಗೆ ಬಂತು. ಕೆಂಪಕ್ಷರ ಬರಲಿಲ್ಲ.

"ಹೊಡಿತೈತಿ."

"ಅಷ್ಟ ಸಾಕು. ಸುಮ್ನ ಬೆಳಕು ಹೊಡಕೋಂತ ಹೋಗು. ಬೀಗರ ಮುಂದ ಮರ್ಯಾದಿ ಉಳೀಲಿ. ಹದಿನೈದು ದಿನ ಬಿಟ್ಟು ಕಾರ್ಡ ಕೆಟ್ಟಿತಂತ ನಾ ಹೇಳ್ತೀನಿ. ಫೋಟೋ ಯಾಕ ಬರಲಿಲ್ಲ ಅಂತ ಹೇಳಾಕ ನನಗ ಮೂವತ್ತು ವರ್ಷದ ರೂಢಿ ಐತಿ."

ಬೈದಿದ್ದರೆ ಗುರುಸಿದ್ದಪ್ಪನವರಿಗೆ ತಡೆದುಕೊಳ್ಳಬಹುದಿತ್ತು. ಮಂಟಪದ ವಿಷಯ ಅವಳು ಎತ್ತಲೇ ಇಲ್ಲ. ಎತ್ತದಿದ್ದುದರಿಂದಲೇ ಅದು ತೀರ್ಮಾನವಾಗಿ ಹೋಗಿದೆಯೆಂದು ಅವರಿಗೆ ತಿಳಿಯಿತು.

*

ಫೋಟೋ ಬರುವುದೇ ಇಲ್ಲವೆಂದು ಖಚಿತವಾದ ಮೇಲೆ ಮನುಷ್ಯನಿಗೆ ಎಂಥ ಸ್ವಾತಂತ್ರ್ಯ ಸಿಗುತ್ತದೆಂಬುದನ್ನು ಗುರುಸಿದ್ದಪ್ಪನವರು ಆ ದಿನ ಕಂಡುಕೊಂಡರು. ಹಳೆಯ ಕ್ಯಾಮೆರಾ, ನೋಡಲು ಸಣ್ಣ ಕಿಂಡಿ. ಕಿಂಡಿಗೆ ಕಣ್ಣಿಟ್ಟರೆ ಹಿಂದಿನ ಪರದೆ ಮೂಗಿಗೆ ಒತ್ತಿಕೊಳ್ಳುತ್ತಿತ್ತು, ಅದರಲ್ಲಿ ಏನಾಗುತ್ತಿದೆಯೋ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ಮೊದಲು ಕಲ್ಯಾಣಪ್ಪನವರು ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದು ನಿಂತರು. ಫಳ್ ಎಂದು ಬೆಳಕು ಹೊಡೆದರು. "ಇನ್ನೊಂದ್ರಿ, ಈ ಕಡಿಂದ." ಫಳ್. "ಕೂತಿದ್ದೊಂದು?" ಫಳ್. ಅವರಿಂದ ಬಿಡಿಸಿಕೊಂಡು ತಿರುಗುವಾಗ ಬೆರಳು ತಾನಾಗಿ ಒತ್ತಿ ಚಪ್ಪಲಿಗಳ ರಾಶಿಗೂ ಒಂದು ಫಳ್ ಬಿತ್ತು. ತೊಂಬತ್ತೊಂದರ ಅಜ್ಜಿಯ ಮುಂದೆ ಮಂಡಿಯೂರಿ ಕೂತು, "ಅವ್ವಾರ, ಆಧಾರ್ ಕಾರ್ಡಿನಾಗ ಇರೋದು ಯಾರ್ರಿ ಮತ್ತ?" ಎಂದು ಕೇಳಿದರು. ಅಜ್ಜಿ ಹಲ್ಲಿಲ್ಲದ ಬಾಯಿ ಪೂರಾ ತೆರೆದು, "ನಮ್ಮ ನೆಗೆಣ್ಣಿ ಇದ್ದಂಗ ಅದಾಳಪಾ, ಹಾದರಗಿತ್ತಿ!" ಎಂದು ನಕ್ಕಳು. ಫಳ್.

ಉಂಗುರ ತೊಡಿಸುವ ಹೊತ್ತಾಯಿತು. ಸರಿಯಾದ ಫೋಟೋಗ್ರಾಫರ್ ಇದ್ದಿದ್ದರೆ ಎಲ್ಲರನ್ನೂ ನಿಲ್ಲಿಸಿ, ಕೈ ಮೇಲೆತ್ತಿಸಿ, ಕ್ಯಾಮೆರಾ ನೋಡಿ ಎನ್ನುತ್ತಿದ್ದ. ಗುರುಸಿದ್ದಪ್ಪನವರು ಏನೂ ಹೇಳಲಿಲ್ಲ. ಮಾನಸಾ ನಿಶಾಂತನ ಬೆರಳಿಗೆ ಉಂಗುರ ತೊಡಿಸಲು ಹೋದಳು. ಅದು ಗೆಣ್ಣಿಗೆ ಸಿಕ್ಕಿಕೊಂಡಿತು. "ಬೆರಳ ಯಾವಾಗ ದಪ್ಪ ಆತೋ?" ಎಂದಳು. "ನಿಮ್ಮ ಅವ್ವನ ಹೋಳಿಗಿ," ಎಂದ ಅವನು. ಇಬ್ಬರೂ ತಡೆಯಲಾರದೆ ಒಬ್ಬರ ಹೆಗಲಿಗೊಬ್ಬರು ಬಾಗಿ ನಕ್ಕರು. ಫಳ್. ಅವಳ ಕಣ್ಣಲ್ಲಿ ನೀರು ಬಂದಿತ್ತು. ಮತ್ತೊಮ್ಮೆ ಫಳ್. ಇಂಥದ್ದು ಕಣ್ಣ ಮುಂದೆ ನಡೆಯುತ್ತಿದೆ, ಉಳಿಯುವುದಿಲ್ಲ ಎಂದುಕೊಂಡರು ಗುರುಸಿದ್ದಪ್ಪ. ಹೊಡೆದದ್ದು ಬರೀ ಬೆಳಕಾದರೂ ಅವರು ಉಸಿರು ಹಿಡಿದೇ ಹೊಡೆದರು.

ಆಮೇಲೆ ದೂರದಿಂದ ಕೈಸನ್ನೆಯಲ್ಲಿ ಊಟಕ್ಕೆ ಕರೆಯುತ್ತಿದ್ದ ಜಯಮ್ಮನಿಗೊಂದು ಹೊಡೆದರು. ಹೊಡೆದ ಹಾಗೇ ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಿದ್ದ ಹಂಪಯ್ಯನವರಿಗೊಂದು. ಅಷ್ಟಕ್ಕೆ ಕ್ಯಾಮೆರಾ ಸುಮ್ಮನಾಯಿತು. ಎಷ್ಟು ಒತ್ತಿದರೂ ಬೆಳಕಿಲ್ಲ.

ಜಯಮ್ಮ ಹತ್ತಿರ ಬಂದರು. "ಏನ್ರಿ, ಅದರ ಹಿಂದ ಏನೋ ಬರದೈತಿ."

"ಬರದಿರ್ತೈತಿ. ದೋಷ."

"ಕೆಂಪಗಿಲ್ಲ. ಬೆಳ್ಳಗೈತಿ." ಜಯಮ್ಮ ಕನ್ನಡಕ ಏರಿಸಿ ಓದಿದರು. "ಮೆಮೊರಿ ಫುಲ್ ಅಂತ."

"ಏನು ಫುಲ್ಲು? ಒಳಗ ಏನೂ ಇಲ್ಲ. ಕಾರ್ಡ ಗುರುಬಾಯಿ ಕಡೆ ಐತಿ."

"ಏನೂ ಇಲ್ಲದ್ದು ಹ್ಯಾಂಗ ತುಂಬಿತ್ರಿ?"

ಈ ಪ್ರಶ್ನೆ ಸ್ಟೋರ್ಸಿನ ಮೂವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗುರುಸಿದ್ದಪ್ಪನವರ ಮುಖ ನೋಡಿ ನಿಶಾಂತ, ಊಟಕ್ಕೆ ಕೂರಲಿದ್ದವನು, ಎದ್ದು ಬಂದ. ಕ್ಯಾಮೆರಾ ಈಸಿಕೊಂಡು ಪಕ್ಕದ ಪುಟ್ಟ ಗುಂಡಿ ಒತ್ತಿದ. ಪರದೆಯ ಮೇಲೆ ಹಂಪಯ್ಯನವರು ಮೂಡಿದರು, ಬಾಯಲ್ಲಿ ಅರ್ಧ ಹೋಳಿಗೆ.

"ಬಂದಾವಲ್ರಿ ಮಾಮಾ!"

"ಏನು ಬಂದಾವ?"

"ಫೋಟೋ."

ನಿಶಾಂತ ತಿರುಗಿಸಿ, ಅಲುಗಿಸಿ, ಖಾಲಿ ಕಾರ್ಡಿನ ಕಿಂಡಿ ನೋಡಿ ನಕ್ಕ.

"ಕಾರ್ಡ ಇಲ್ಲದಿದ್ರ ಇದು ತನ್ನ ಹೊಟ್ಟಿಯೊಳಗ ಇಟ್ಕೋತೈತ್ರಿ. ಭಾಳ ಸಣ್ಣ ಜಾಗ. ಒಂಬತ್ತ ಫೋಟೋ ಅಷ್ಟ. ನೀವು ಯಾವ ಕಾರ್ಡ ಹಾಕಿದ್ರಿ?"

"ಇನ್ನೂರಾ ಐವತ್ತಾರು ಜಿಬಿ."

"ಅಯ್ಯ ಮಾಮಾ! ಇದು ಎರಡು ಜಿಬಿ ಒಳಗಿನ ಹಳೇ ಕಾರ್ಡ ಅಷ್ಟ ಓದ್ತೈತಿ. ಅದಕ್ಕಿಂತ ದೊಡ್ಡದು ಹಾಕಿದ್ರ ಅದಕ್ಕ ತಿಳಿಯಂಗಿಲ್ಲ. ಆಕಾರ ಒಂದ, ಒಳಗಿನ ಲೆಕ್ಕಾಚಾರ ಬ್ಯಾರೆ. ಇದು ಹುಟ್ಟಿದಾಗ ಆ ಕಾರ್ಡ ಇನ್ನೂ ಹುಟ್ಟಿರಲಿಲ್ಲ."

"ಅಂದ್ರ... ಹೆಚ್ಚಾಗಿತ್ತಾ?" ಎಂದರು ಹಂಪಯ್ಯ ಪಂಕ್ತಿಯಿಂದಲೇ. ಹೋಳಿಗೆ ಕೈಯಲ್ಲೇ ನಿಂತಿತ್ತು. ತಪಾಸಣಾ ವಿಭಾಗದ ಒಂದು ಫಾರ್ಮು ಅವರ ಕಣ್ಣ ಮುಂದೆ ಹರಿದುಹೋಗುತ್ತಿತ್ತು.

ಸುದ್ದಿ ಪಂಕ್ತಿಯ ತುದಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಗುರುಬಾಯಿ ನೆರಿಗೆ ಎತ್ತಿಹಿಡಿದು ಓಡಿ ಬಂದಳು. ನಿಶಾಂತ ಒಂದೊಂದಾಗಿ ತೋರಿಸಿದ. ಕಲ್ಯಾಣಪ್ಪ. ಕಲ್ಯಾಣಪ್ಪನವರ ಕಿವಿ ಮತ್ತು ಅರ್ಧ ಮೀಸೆ. ಕೂತ ಕಲ್ಯಾಣಪ್ಪ. ಚಪ್ಪಲಿ. ಬಾಯಿ ತೆರೆದ ಅಜ್ಜಿ, ಕಣ್ಣೆರಡೂ ದೀಪದ ಹಾಗೆ. "ಹೌದು, ಇದು ನಾನ," ಎಂದು ಅಜ್ಜಿ ಕುರ್ಚಿಯಿಂದಲೇ ಪ್ರಮಾಣೀಕರಿಸಿದಳು. ಆಮೇಲೆ ಉಂಗುರ, ಗೆಣ್ಣು, ಹೆಗಲಿಗೆ ಬಾಗಿದ ಎರಡು ತಲೆ, ಮಾನಸಾಳ ನಗು. ಸ್ವಲ್ಪ ಅಲುಗಿತ್ತು, ಸ್ವಲ್ಪ ಹಳದಿಯಾಗಿತ್ತು, ಆದರೆ ನೋಡುತ್ತಿದ್ದಂತೆ ನೋಡುವವರ ಬಾಯಿಯೂ ನಗತೊಡಗಿತು.

"ಇದು!" ಎಂದು ಚೀರಿದಳು ಮಾನಸಾ. "ಇದ ಬೇಕಾಗಿತ್ತು ನನಗ! ಮಾಮಾ, ಹ್ಯಾಂಗ ತಗದ್ರಿ ಇದನ್ನ?"

"ಸುಮ್ನ," ಎಂದರು ಗುರುಸಿದ್ದಪ್ಪ. ಅದು ಪೂರ್ತಿ ನಿಜವಾಗಿತ್ತು.

ಗುರುಬಾಯಿ ಅಣ್ಣನನ್ನು ನೋಡಿದಳು. ನಂತರ ಎಲ್ಲರಿಗೂ ಕೇಳಿಸುವಂತೆ, ಬೈಗುಳದ ಧಾಟಿಯಲ್ಲೇ ಹೇಳಿದಳು. "ಮದಿವಿ ದಿನ ಮುಂಜಾನಿ ಐದಕ್ಕ ಬಂದುಬಿಡು. ತಡಾ ಮಾಡೀದಿ ನೋಡು. ಆ ಹುಡುಗೀನ ಕೈ ಹಿಡದು ಮಂಟಪಕ್ಕ ಯಾರು ಕರಕೊಂಡು ಬರ್ತಾರ ಮತ್ತ?"

ಗುರುಸಿದ್ದಪ್ಪನವರು ಮೂಗು ಒರೆಸಿಕೊಂಡರು. ಮೂಗಿನ ಮೇಲೆ ಇನ್ನೂ ಪರದೆಯ ಗುರುತಿತ್ತು.

"ಗುರುಬಾಯಿ, ನೀನೂ ವೈಜನಾಥರೂ ನಿಲ್ರಿ. ಒಂದ್ ತಗೀತೀನಿ."

"ತುಂಬೈತಲ್ಲ!"

"ಒಂದು ಅಳಿಸಿದ್ರ ಒಂದು ಹಿಡಿತೈತ್ರಿ ಅತ್ತಿ," ಎಂದ ನಿಶಾಂತ.

ಯಾವುದನ್ನು ಅಳಿಸುವುದು ಎಂಬುದರ ಮೇಲೆ ಅರ್ಧ ಗಂಟೆ ಸಭೆ ನಡೆಯಿತು. ಉಂಗುರದವನ್ನು ಮುಟ್ಟುವಂತಿಲ್ಲ. ಅಜ್ಜಿಯದನ್ನು ಮುಟ್ಟಲು ಅಜ್ಜಿ ಬಿಡುವುದಿಲ್ಲ. ಜಯಮ್ಮ ತಮ್ಮದನ್ನು ಅಳಿಸಿ ಎಂದರು, ಗುರುಸಿದ್ದಪ್ಪನವರು ಒಪ್ಪಲಿಲ್ಲ. ಜಯಮ್ಮನಿಗೆ ಅಚ್ಚರಿಯಾಗಿ ಸೆರಗು ಸರಿಮಾಡಿಕೊಂಡರು. ಚಪ್ಪಲಿಯದನ್ನು ಅಳಿಸೋಣವೆಂದರೆ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಮಾದಾಪುರದ ಗೆಳತಿಯರು ಅಡ್ಡಬಿದ್ದರು. ಕೊನೆಗೆ ಎಲ್ಲರ ಕಣ್ಣೂ ಕಲ್ಯಾಣಪ್ಪನವರ ಮೇಲೆ ಹೋಯಿತು. ಮೂರು ಫೋಟೋಗಳ ಯಜಮಾನ ಅವರೊಬ್ಬರೇ.

"ಬೀಗರ," ಎಂದರು ಗುರುಸಿದ್ದಪ್ಪ, "ಒಂದು ಬಿಟ್ಟುಕೊಡ್ರಿ."

ಕಲ್ಯಾಣಪ್ಪನವರು ಮೂರನ್ನೂ ನೋಡಿದರು. ಮತ್ತೊಮ್ಮೆ ನೋಡಿದರು. "ಕಿವೀದು ತಗೋರಿ," ಎಂದರು, ಹೊಲ ಬರೆದುಕೊಟ್ಟವರ ಗತ್ತಿನಲ್ಲಿ. "ಆದ್ರ ಆ ಮೀಸಿ ಭಾಗ ಚಲೋ ಬಂದಿತ್ತು."

ಗುರುಬಾಯಿಯೂ ವೈಜನಾಥರೂ ವೇದಿಕೆಯ ಮೇಲೆ ನಿಂತರು. ಐವತ್ತು ದಾಟಿದ ಇಬ್ಬರೂ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಮಾನಸಾ ತನ್ನ ಹಾರ ತೆಗೆದು ಅವ್ವನ ಕೊರಳಿಗೆ ಹಾಕಿದಳು. ನಿಶಾಂತ ತನ್ನದನ್ನು ವೈಜನಾಥರಿಗೆ ಹಾಕಿದ. ಹುಮನಾಬಾದಿನ ನಲವತ್ತು ಮಂದಿ ಊಟ ಬಿಟ್ಟು ಎದ್ದು ನಿಂತರು.

"ಒಂಚೂರು ನಗು ತಂಗಿ," ಎಂದರು ಗುರುಸಿದ್ದಪ್ಪ.

ಫಳ್.

ಗುರುಬಾಯಿ ಹಾರದ ಸಮೇತ ಇಳಿದು ಬಂದು ಕ್ಯಾಮೆರಾ ಕಸಿದುಕೊಂಡಳು. ಪರದೆಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

"ಬಂದೈತಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಇವ್ರು ಕಣ್ಣ ಮುಚ್ಚ್ಯಾರ."

"ತಡಿ, ತಡಿ. ಅಳಿಸಿ ಇನ್ನೊಂದು ತಗೀತೀನಿ," ಎಂದು ಗುರುಸಿದ್ದಪ್ಪನವರು ಕೈ ಚಾಚಿದರು.

"ಮುಟ್ಟಿ ನೋಡು!" ಗುರುಬಾಯಿ ಕ್ಯಾಮೆರಾವನ್ನು ಸೆರಗಿನಲ್ಲಿ ಎರಡು ಸುತ್ತು ಸುತ್ತಿ ಎದೆಗೆ ಒತ್ತಿಕೊಂಡಳು.

ವೈಜನಾಥರು ಅವಳ ಹಿಂದೆ ಬಂದು ನಿಂತಿದ್ದರು. ಆ ದಿನ ಅವರು ಆಡಿದ್ದು ಅದೊಂದೇ ಮಾತು.

"ಅವತ್ತೂ ಮುಚ್ಚಿದ್ನೇನ?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದಳು ಗುರುಬಾಯಿ. "ಅವತ್ತ ನಾ ತಲಿ ಎತ್ತಿ ನೋಡಿದ್ರಲ್ಲ."

ಮತ್ತೆ ಸೆರಗು ಬಿಚ್ಚಿ, ಕ್ಯಾಮೆರಾದ ಗುಂಡಿ ಒತ್ತಿ, ಬಾಗಿಲ ಬೆಳಕಿಗೆ ಹೋಗಿ ನಿಂತು ನೋಡತೊಡಗಿದಳು.